ಹತ್ತನೆಯ ತೊಟ್ಟಿ

ಬಸ್ಸು ಗಂಗಾವತಿಯ ನಿಲ್ದಾಣ ಬಿಟ್ಟು ಗದ್ದೆಗಳ ನಡುವಿನ ರಸ್ತೆಗೆ ಬರುವಷ್ಟರಲ್ಲಿ ಯಮನೂರಪ್ಪ ಅಂಗಿಯ ಕಿಸೆಯಿಂದ ಆ ಹಾಳೆಯನ್ನು ಮೂರು ಸಲ ತೆಗೆದು ನೋಡಿದ್ದ. ಮೂರು ಸಲವೂ ಎಂಟೇ ಹೆಸರುಗಳಿದ್ದವು. ಹತ್ತು ಆಗಬೇಕು, ಇವತ್ತು ಸಂಜೆ ಐದರೊಳಗೆ ಆಗಬೇಕು. ಆಗದಿದ್ದರೆ ಕೊಪ್ಪಳದ ಹೂದೋಟ ಸಂಘದವರು ತಮ್ಮ ವಾರ್ಷಿಕ ಪ್ರದರ್ಶನದಿಂದ ಜಲಸಸ್ಯ ತೊಟ್ಟಿಗಳ ಸ್ಪರ್ಧೆಯನ್ನೇ ತೆಗೆದುಹಾಕುತ್ತಾರೆ. ಹೋದ ವಾರ ಸಂಘದ ಕಾರ್ಯದರ್ಶಿ ಮಹೇಶ್ವರಿ ಮೇಡಂ ಮೆತ್ತಗೆ, ಆದರೆ ಮುಖ ನೋಡಿಯೇ ಹೇಳಿದ್ದರು. ಮೊದಲ ವರ್ಷ ಹದಿನಾಲ್ಕು ತೊಟ್ಟಿ ಬಂದಿದ್ದವು, ಹೋದ ವರ್ಷ ಹನ್ನೊಂದು. ಧಾರವಾಡದಿಂದ ಪರೀಕ್ಷಕರನ್ನು ಕರೆಸಿ ಎರಡು ದಿನ ಗಾಡಿ ಮಾಡಿ ಮನೆ ಮನೆಗೆ ತಿರುಗಿಸಬೇಕು, ಎಂಟೇ ತೊಟ್ಟಿಗೆ ಅಷ್ಟು ಮಾಡಿದಿರಾ ಎಂದು ಸಂಘದವರು ಕೇಳಿದರೆ ನಾನು ಏನು ಹೇಳಲಿ ಎಂದಿದ್ದರು. ಕುಂಡದ ಗುಲಾಬಿಗೆ ಆ ತೊಂದರೆ ಇಲ್ಲ, ಎತ್ತಿಕೊಂಡು ಹೋಗಿ ಪೆಂಡಾಲಿನಲ್ಲಿ ಇಟ್ಟರಾಯಿತು. ಗಾಜಿನ ತೊಟ್ಟಿಯಲ್ಲಿ ಮಣ್ಣು ಹಾಸಿ, ಕಲ್ಲು ನಿಲ್ಲಿಸಿ, ನೀರೊಳಗೇ ಬೆಳೆಯುವ ಗಿಡಗಳನ್ನು ಒಂದೊಂದಾಗಿ ನೆಟ್ಟು, ಅವು ಬೇರು ಹಿಡಿಯಲೆಂದು ತಿಂಗಳುಗಟ್ಟಲೆ ಕಾದು ಎಬ್ಬಿಸಿದ ತೋಟವನ್ನು ಎತ್ತುವುದಕ್ಕೆ ಬರುವುದಿಲ್ಲ. ನೋಡುವವರೇ ಮನೆಗೆ ಬರಬೇಕು. ಮನೆಗೆ ಬರಬೇಕು ಎಂಬಲ್ಲಿಯೇ ಜನ ಹಿಂದೆ ಸರಿಯುತ್ತಿದ್ದರು. ತೊಟ್ಟಿ ಇಟ್ಟವರು ಕಡಿಮೆಯಿಲ್ಲ. ಗಂಗಾವತಿಯಲ್ಲಿ, ಕುಷ್ಟಗಿಯಲ್ಲಿ, ತಳಕಲ್ಲಿನಲ್ಲಿ ಕೂಡ ಇದ್ದಾರೆ. ಕಾಲುವೆಯ ತೂಬು ತೆಗೆದು ಮುಚ್ಚುವ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದು, ನೀರಿನ ಗಿಡಗಳನ್ನು ಕಿತ್ತು ದಂಡೆಗೆ ಎಸೆಯುತ್ತಲೇ ಅವುಗಳ ಮೇಲೆ ಮನಸ್ಸಿಟ್ಟವನು ಯಮನೂರಪ್ಪ. ಎಷ್ಟೋ ಜನರಿಗೆ ಅವನೇ ಗಿಡ ಕೊಟ್ಟಿದ್ದ, ಯಾವ ಮಣ್ಣು ಹಾಕಬೇಕೆಂದು ಹೇಳಿದ್ದ. ಗದ್ದೆಯ ಮಣ್ಣು ಬೇಡ, ಅದರ ತುಂಬ ಯೂರಿಯಾ ಇರುತ್ತದೆ, ನೀರೆಲ್ಲ ಪಾಚಿಗಟ್ಟಿ ಹಾವಸೆಯಾಗುತ್ತದೆ, ದಂಡೆಯ ಮಣ್ಣು ತನ್ನಿರಿ ಎಂದು. ಅವರೆಲ್ಲ ಗಿಡ ಇಸಕೊಂಡರು, ಮಣ್ಣು ತಂದರು. ಹೆಸರು ಬರೆಸಿರಿ ಎಂದರೆ ಮಾತ್ರ ನಕ್ಕು ಒಳಗೆ ಹೋದರು.

ಕಿಟಕಿಯ ಹೊರಗೆ ನಾಟಿ ನಡೆದಿತ್ತು. ಹೆಂಗಸರು ಸಾಲಾಗಿ ಬಗ್ಗಿದ್ದರು. ಯಮನೂರಪ್ಪ ಹಾಳೆಯನ್ನು ಮಡಿಚಿ ಕಿಸೆಗೆ ಹಾಕಿ, ಮೇಲೆ ಕೈ ಇಟ್ಟುಕೊಂಡು ಕೂತ. ಉಳಿದವರು ಇಬ್ಬರೇ. ಸಿದ್ದಾಪುರದ ಹನುಮೇಶ, ಭಾಗ್ಯನಗರದ ಲಾಲಬೀ. ಇಬ್ಬರೂ ಒಪ್ಪಿದರೆ ಹತ್ತು. ಹನುಮೇಶನ ಮನೆಗೆ ಹೋಗುವುದನ್ನು ಎಲ್ಲರಿಗಿಂತ ಕಡೆಗೆ ಇಟ್ಟದ್ದು ಯಾಕೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ದೂರ, ಬಿಸಿಲು, ಬಸ್ಸಿನ ವೇಳೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೋದ ವರ್ಷ ಪರೀಕ್ಷಕರನ್ನು ಕರೆದುಕೊಂಡು ಮನೆ ಮನೆ ತೋರಿಸುವ ಕೆಲಸ ಅವನಿಗೆ ಬಂದಿತ್ತು. ಮೊದಲ ವರ್ಷ ಮೊದಲ ಬಹುಮಾನ ಪಡೆದವನೆಂದು ಸಂಘದವರು ಕೊಟ್ಟ ಗೌರವ ಅದು. ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದ. ಹನುಮೇಶನ ಮನೆಯಲ್ಲಿ ತೊಟ್ಟಿ ಫಳಫಳ ಹೊಳೆಯುತ್ತಿತ್ತು, ಒಳಗಿನ ನೀರು ಮಾತ್ರ ಕೆಸರು. ಆ ಕೆಸರಿನಲ್ಲಿ ಆಗತಾನೇ ನೆಟ್ಟ ಹತ್ತಾರು ಗಿಡಗಳು ತಲೆ ಬಾಗಿಸಿಕೊಂಡು ನಿಂತಿದ್ದವು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ನೋಡಿ, ಇದು ತೊಟ್ಟಿಯಲ್ಲ, ನಾಟಿ ಹಚ್ಚಿದ ಗದ್ದೆ ಎಂದರು. ಯಮನೂರಪ್ಪ ನಕ್ಕಿದ್ದ. ನಗು ಬಂದು ನಕ್ಕದ್ದಲ್ಲ. ಕಾಲುವೆಯ ಮೇಲೆ ಸಾಹೇಬರು ಬಂದು ಏನಾದರೂ ಅಂದರೆ ಅದಕ್ಕೆ ನಗಬೇಕು, ಮೂವತ್ತೊಂದು ವರ್ಷ ನಕ್ಕಿದ್ದ, ಬಾಯಿ ತಾನಾಗಿ ತೆರೆದಿತ್ತು. ಜೋರಾಗಿಯೇ ತೆರೆದಿತ್ತು. ಜೀಪಿನಲ್ಲಿ ಕೂತ ಮೇಲೆ ಆ ನಗು ತನ್ನದಲ್ಲವೆಂಬಂತೆ ಅವನಿಗೆ ಕೇಳಿಸಿತು, ಇನ್ನೂ ಕೇಳಿಸುತ್ತಿತ್ತು.

ಹನುಮೇಶ ಅಂಗಡಿಯಲ್ಲಿ ಪಂಪಿನ ಮೋಟರು ಬಿಚ್ಚಿಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ಅಂಗಡಿಯ ಹಿಂದೆಯೇ ಮನೆ.

“ಬರ್ರಿ ಕಾಕಾ,” ಎಂದ, ತಲೆ ಎತ್ತದೆ.

“ಭಾಳ ಕೆಲಸ ಐತೇನಪಾ?”

“ನಾಟಿ ಟೈಮು. ಎಲ್ಲಾರೂ ಮೋಟರ್ ಸುಟಗೊಂಡು ಬರೋರ.”

“ನಾ ಯಾಕ ಬಂದೀನಿ ಗೊತ್ತಲ್ಲ?”

“ಗೊತ್ತೈತ್ರಿ. ಅದಕ್ಕ ತಲಿ ಎತ್ತವಲ್ಲೆ.”

ಹನುಮೇಶನ ತಾಯಿ ದುರಗಮ್ಮ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟು ಅಲ್ಲಿಯೇ ನಿಂತಳು. “ಯಣ್ಣಾ, ಈ ಸಲ ನಾ ಅದನ್ನ ಮುಟ್ಟೋದಿಲ್ಲ ನೋಡ್ರಿ. ಬೇಕಾದ್ರ ನನ್ನ ಕೈ ಕಟ್ಟಿ ಹಾಕ್ರಿ.”

“ಯವ್ವಾ, ನೀ ಸುಮ್ಕಿರು.”

“ಯಾಕ ಸುಮ್ಕಿರಲಿ? ದೊಡ್ಡ ಮನುಷ್ಯಾರು ಮನಿಗೆ ಬರ್ತಾರ ಅಂದ್ರ ಮನಿ ತೊಳೀಬಾರದೇನ್ರಿ? ಅದರಾಗ ಅಮಾಸಿ ಬ್ಯಾರೆ. ಕೊಡ ತೊಳದೆ, ತಂಬಿಗಿ ತೊಳದೆ, ಅದನ್ನೂ ತೊಳದೆ. ಗಿಡಾ ಎಲ್ಲಾ ಕಿತ್ತು ಬಕೀಟಿಗೆ ಹಾಕಿ, ಕಲ್ಲು ಹುಣಸಿಹಣ್ಣು ಹಚ್ಚಿ ತಿಕ್ಕಿ ಇಟ್ಟೆ. ಇವ ಬಂದು ನೋಡಿ ನೆಲಕ್ಕ ಕುಂತಬಿಟ್ಟ. ನನಗೇನ್ ಗೊತ್ರಿ, ಹೊಲಸು ನೀರಾಗ ಇಟ್ರ ಅದು ಛಂದ ಅಂತ?”

ಹೋದ ವರ್ಷದ ಕೆಸರು ನೀರಿನ ಕಾರಣ ಯಮನೂರಪ್ಪನಿಗೆ ಈಗ ತಿಳಿಯಿತು. ಎಂಟು ತಿಂಗಳು ಬೆಳೆಸಿದ್ದನ್ನು ಒಂದು ರಾತ್ರಿಯಲ್ಲಿ ಮತ್ತೆ ನೆಟ್ಟು ನಿಲ್ಲಿಸಿದ್ದ ಹುಡುಗ. ಆ ಕೈಕೆಲಸದ ಮುಂದೆ ನಿಂತು ತಾನು ನಕ್ಕಿದ್ದು. ಅವನು ಒಳಕೋಣೆಯ ಕಡೆ ನೋಡಿದ. ತೊಟ್ಟಿ ಕಾಣುತ್ತಿತ್ತು. ಆನೆಗೊಂದಿಯ ಗುಡ್ಡಗಳನ್ನು ಅಂಗೈಯಲ್ಲಿ ಹಿಡಿದಂತೆ ನಾಲ್ಕು ದುಂಡು ಕಲ್ಲುಗಳು ಒಂದರ ಮೇಲೊಂದು ಕೂತಿದ್ದವು, ಸಂದಿಯಲ್ಲಿ ಪುಟ್ಟ ಎಲೆಗಳು, ಎಲೆಗಳ ಮೇಲೆ ಗಾಳಿಯ ಗುಳ್ಳೆಗಳು. ಪಟ್ಟಿಯಲ್ಲಿದ್ದ ಎಂಟರಲ್ಲಿ ಐದಕ್ಕಿಂತ ಇದು ಮೇಲು. ಹಾಗೆಂದು ಹೇಳಿದ. ಹನುಮೇಶ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ ಮೊದಲ ಸಲ ಮುಖ ಎತ್ತಿದ.

“ಕಡೀಗೆ ಬಂದಿದ್ದಕ್ಕ ನನಗೇನಿಲ್ಲ ಕಾಕಾ. ಹನ್ನೊಂದು ಮಂದಿಯಾಗ ಯಾರರ ಒಬ್ಬರು ಹನ್ನೊಂದನೇದವ್ರು ಆಗಬೇಕಲ್ಲ. ನೀವು ನಕ್ರಿ.”

“ಸಾಹೇಬರು ಅಂದ್ರಂತ…”

“ಸಾಹೇಬರು ಅಂದ್ರು, ನಗಲಿಲ್ಲ. ನಕ್ಕಾವ್ರು ನೀವು. ಬಾಗಲದಾಗ ನಿಂತ ಪೋರಗೋಳು ಕೇಳಿಸಿಕೊಂಡುವು. ವರ್ಷ ಆತು, ಇನ್ನೂ ನನಗ ಗದ್ದಿ ಹನುಮ್ಯಾ ಅಂತಾವ. ನನ್ನ ಬಿಡ್ರಿ ಈ ಸಲ. ಗಿಡಾ ಬೇಕಾದ್ರ ಒಯ್ರಿ, ಎಷ್ಟು ಬೇಕಾದ್ರೂ ಕೊಡತೀನಿ.”

ತಪ್ಪಾಯಿತು ಎನ್ನಬೇಕಿತ್ತು. ಆ ಮಾತಿಗೆ ಅರವತ್ತೆರಡು ವರ್ಷದ ವಯಸ್ಸು ಅಡ್ಡ ನಿಂತಿತು. ಈ ಹುಡುಗ ಕಾಕಾ ಎನ್ನುತ್ತಾನೆ, ತಾಯಿ ಎದುರಿಗೆ ನಿಂತಿದ್ದಾಳೆ. ಯಮನೂರಪ್ಪ ತಂಬಿಗೆಯ ನೀರನ್ನು ಪೂರ್ತಿ ಕುಡಿದ, ಬಾಯಾರಿಕೆ ಇಲ್ಲದಿದ್ದರೂ ಕುಡಿದ, ನೋಡೋಣ ಬಿಡಪಾ ಎಂದು ಎದ್ದು ಬಂದ. ನೋಡುವುದು ಏನಿತ್ತು? ಎಂಟೇ ಇತ್ತು. ಲಾಲಬೀ ಒಪ್ಪಿದರೂ ಒಂಬತ್ತು.

ಕೊಪ್ಪಳದ ಬಸ್ಸಿನಲ್ಲಿ ಜಾಗ ಸಿಕ್ಕಿತು, ಬಿಸಿಲಿನ ಕಡೆ. ಯಾಕೆ ಇಷ್ಟು ಹಟ ಎಂದು ಅವನು ತನ್ನನ್ನೇ ಕೇಳಿಕೊಂಡ. ಸ್ಪರ್ಧೆ ನಿಂತರೆ ನಿಲ್ಲಲಿ, ತೊಟ್ಟಿಯೊಳಗಿನ ಗಿಡಕ್ಕೆ ಸ್ಪರ್ಧೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆದರೆ ನಿಂತುಹೋದರೆ ಎಂಬ ಮಾತು ಬಂದಾಗಲೆಲ್ಲ ಅವನಿಗೆ ಅಡಿಗೆಮನೆಯ ಬಾಗಿಲು ಕಾಣುತ್ತಿತ್ತು, ಅದರಲ್ಲಿ ಹೆಂಡತಿ ಹುಲಗಮ್ಮ ತಟ್ಟೆ ಹಿಡಿದು ನಿಂತದ್ದು, ತಟ್ಟೆಯಲ್ಲಿ ಆರು ಲೋಟ. ಬಹುಮಾನ ಬಂದ ಮರುದಿನ ಪತ್ರಿಕೆಯಲ್ಲಿ ಫೋಟೋ ಬಂದಿತ್ತು, ತೊಟ್ಟಿಯ ಪಕ್ಕದಲ್ಲಿ ಅವನು, ಅವನ ಹಿಂದೆ ಅರ್ಧ ಮುಖ ಮಾತ್ರ ಕಾಣುವಂತೆ ಅವಳು. ಅಂದಿನಿಂದ ಓಣಿಯವರು, ಆಮೇಲೆ ಬೇರೆ ಓಣಿಯವರು, ಶಾಲೆಯ ಮಾಸ್ತರರು, ಅವನ ಹಳೆಯ ಇಲಾಖೆಯವರು. ಒಂಬತ್ತು ದಿನ ಮನೆಯ ಬಾಗಿಲು ಹಾಕಿದ್ದೇ ಇಲ್ಲ. ಎರಡನೆಯ ದಿನವೇ ಅವಳು ಹೇಳಿದ್ದಳು: ಇಷ್ಟು ಮಂದಿ ನೋಡೋದು ಛಲೋ ಅಲ್ಲ, ಒಂದು ಪರದೆ ಹಾಕ್ರಿ, ಬೇಕಾದವರಿಗೆ ಸರಿಸಿ ತೋರಿಸ್ರಿ. ಅವನು ನಕ್ಕಿದ್ದ. ಅದೂ ಒಂದು ನಗು. ಹತ್ತನೆಯ ದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಅವಳು ಬಿದ್ದಳು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಮಣ್ಣಿಗೆ ಬಂದ ಹೆಂಗಸರು ದೃಷ್ಟಿಯಾತು, ದೊಡ್ಡ ದೃಷ್ಟಿಯಾತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಯಾರೋ ತೊಟ್ಟಿಯ ಮುಂದೆ ಕೌದಿ ಇಳಿಬಿಟ್ಟರು. ಆ ಕೌದಿಯನ್ನು ಅವನು ಇಂದಿಗೂ ಸರಿಸಿರಲಿಲ್ಲ. ವಾರಕ್ಕೊಮ್ಮೆ ಮೇಲಿನಿಂದ ನೀರು ಸುರಿಯುತ್ತಿದ್ದ, ಒಳಗೆ ನೋಡುತ್ತಿರಲಿಲ್ಲ. ಮುಂದೆ ಕೌದಿ, ಹಿಂದೆ ಕಿಟಕಿಯ ಬಿಸಿಲು, ಒಳಗೆ ಏನಾಗಿರಬಹುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿ ಇರಲಿಲ್ಲ. ಗಿಣಿಗೇರಿ ದಾಟುವಾಗ ಹುಲಿಗೆಮ್ಮನ ಗುಡಿಯಿರುವ ಹುಲಿಗಿಯ ದಿಕ್ಕಿಗೆ ತಿರುಗಿ ಕೈ ಮುಗಿದ. ತಾಯೀ, ಹತ್ತು ಮಾಡಿಕೊಡು ಎಂದು ಕೇಳಿದ. ಕೇಳಿದ ಮೇಲೆ ನಾಚಿಕೆಯಾಯಿತು. ಹೆಂಡತಿ ಬಿದ್ದ ದಿನ ಕೇಳಿದ್ದನ್ನು ಆ ತಾಯಿ ಕೊಟ್ಟಿರಲಿಲ್ಲ, ಇದನ್ನು ಹೇಗೆ ಕೇಳುವುದು? ಆದರೂ ಮುಗಿದ ಕೈಯನ್ನು ತಕ್ಷಣ ಇಳಿಸಲಿಲ್ಲ.

ಭಾಗ್ಯನಗರದಲ್ಲಿ ಇಳಿದಾಗ ಎರಡೂವರೆ. ಲಾಲಬೀಯ ಮನೆಯ ಮುಂದಿನ ಕೋಣೆಯಲ್ಲಿ ಕೂದಲಿನ ರಾಶಿ ಇತ್ತು. ತಾಯಿ ಮಗಳು ಎದುರು ಬದುರು ಕೂತು ಮೊಳೆಗಳ ಹಲಗೆಯ ಮೇಲೆ ಕೂದಲನ್ನು ಎಳೆದು ಎಳೆದು, ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ ಕಟ್ಟು ಕಟ್ಟುತ್ತಿದ್ದರು. ವಿಗ್ಗಿನ ವ್ಯಾಪಾರಿಗಳಿಗೆ ಕೂದಲು ಹದಮಾಡಿ ಕೊಡುವುದು ಅವರ ಓಣಿಯ ಕೆಲಸ. ಆ ಬೆರಳುಗಳನ್ನು ನೋಡಿಯೇ ಯಮನೂರಪ್ಪ ಮೂರು ವರ್ಷದ ಹಿಂದೆ ಅವಳಿಗೆ ಕೂದಲಿನಷ್ಟು ಸಣ್ಣ ನೀರುಹುಲ್ಲು ತಂದುಕೊಟ್ಟಿದ್ದ. ಬೇರೆ ಯಾರ ಕೈಯಲ್ಲೂ ಅದು ಎಳೆ ಎಳೆಯಾಗಿ ನಿಲ್ಲುತ್ತಿರಲಿಲ್ಲ. ಲಾಲಬೀಯ ತೊಟ್ಟಿಯಲ್ಲಿ ಅದು ಬಾಚಿದ ತಲೆಯ ಹಾಗೆ ಒಂದೇ ಕಡೆ ಬಾಗಿ, ನೀರಿನ ಸೆಳವಿಗೆ ಮೆಲ್ಲಗೆ ಅಲುಗುತ್ತಿತ್ತು. ಈಗ ತೊಟ್ಟಿಯ ಮೇಲೆ ದಪ್ಪ ಬಟ್ಟೆ ಹೊದಿಸಿತ್ತು.

“ಬರ್ರಿ ಅಣ್ಣಾರ, ಕೂಡ್ರಿ. ಚಾ ಮಾಡತೀನಿ.”

“ಚಾ ಬ್ಯಾಡ ತಂಗಿ,” ಎಂದ, ಬೇಗ ಎಂದ. “ನಿನ್ನ ಭಟ್ಟಿ ಹೆಂಗ ನಡದೈತಿ?”

ಭಟ್ಟಿ ಎಂದರೆ ತೊಟ್ಟಿಯ ಪಕ್ಕದ ಬಾಟಲಿ. ಬೆಲ್ಲದ ನೀರಿಗೆ ಬ್ರೆಡ್ಡಿನವರ ಈಸ್ಟು ಹಾಕಿಟ್ಟರೆ ಹುಳಿ ಬಂದು ಗುಳ್ಳೆ ಏಳುತ್ತದೆ, ಆ ಗಾಳಿಯನ್ನು ಸಣ್ಣ ಕೊಳವೆಯಿಂದ ನೀರಿಗೆ ಬಿಟ್ಟರೆ ಗಿಡ ಚೆನ್ನಾಗಿ ಬೆಳೆಯುತ್ತದೆ. ಕಲಿಸಿದವನು ಯಮನೂರಪ್ಪ.

“ಬಾಜೂ ಮನಿಯಾಕಿ ದಿನಾ ಮೂಗು ಹಿಡಕೊಂಡು ಹೋಗತಾಳ್ರಿ. ಪೊಲೀಸರು ಬಂದ್ರ ನಿಮ್ಮ ಹೆಸರ ಹೇಳಾಕಿ ನಾ. ಇವರ ನೋಡ್ರಿ ಗುರುಗಳು ಅಂತ.”

ಮಗಳು ಮೆಹಬೂಬಬೀ ನಕ್ಕಳು. ನಗುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಏಳು ತಿಂಗಳು, ಮೊದಲನೆಯ ಹೆರಿಗೆಗೆ ತವರಿಗೆ ಬಂದವಳು. ಅದನ್ನು ನೋಡಿದ ಕೂಡಲೇ ಯಮನೂರಪ್ಪನಿಗೆ ಲಾಲಬೀ ಏನು ಹೇಳುತ್ತಾಳೆಂದು ಗೊತ್ತಾಯಿತು. ಆದರೂ ಹಾಳೆ ತೆಗೆದು ನೆಲದ ಮೇಲೆ ಹಾಸಿದ.

“ಒಲ್ಲೆ ಅಣ್ಣಾರ. ಬ್ಯಾರೆ ಟೈಮಿನ್ಯಾಗ ಹೂಂ ಅಂತಿದ್ದೆ. ಈಗ ಹೊರಗಿನವ್ರು ಬಂದು, ಮನಿಯಾಗ ನಿಂತು, ಆಹಾ ಓಹೋ ಅಂದು ಹೋದ್ರ… ಹುಡುಗಿ ಇಲ್ಲೇ ಕುಂತಿರತಾಳ. ನಜರ್ ತೊಟ್ಟಿಗೇ ಹತ್ತಬೇಕು ಅಂತ ಏನೈತಿ?”

“ನಜರು, ದೃಷ್ಟಿ, ಎಲ್ಲಾ ಮನಸಿನ್ಯಾಂದು ತಂಗಿ. ಕಣ್ಣು ನೋಡಾಕ ಇರೋದು, ಸುಡಾಕ ಅಲ್ಲ…” ಎಂದು ಅವನು ಸುರುಮಾಡಿದ. ಇದೇ ಮಾತನ್ನು ಎಂಟು ಮನೆಗಳಲ್ಲಿ ಹೇಳಿದ್ದ, ಇನ್ನು ಹೇಳಬೇಕಾದ ವಾಕ್ಯಗಳು ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಮೆಹಬೂಬಬೀ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದುತ್ತಿದ್ದಳು. ಎಂಟೂ ಹೆಸರು ಓದಿ, ಹಿಂದೆ ತಿರುವಿ ನೋಡಿ, ಮತ್ತೆ ಮುಂದೆ ತಿರುವಿದಳು.

“ಮಾಮಾ, ಇದರಾಗ ನಿಮ್ಮ ಹೆಸರ ಇಲ್ಲಲ್ಲ?”

“ಹೌದಲ್ಲ,” ಎಂದಳು ಲಾಲಬೀ. “ಫಸ್ಟ್ ಬಂದಾವ್ರು ನೀವು. ನಿಮ್ಮದ ಇಲ್ಲ?”

“ನಂದು… ಈಗ ಕೆಟ್ಟೈತಿ.”

“ಯಾವಾಗಿಂದ?”

“ನಮ್ಮಾಕಿ ಹೋದಾಗಿಂದ.”

ಲಾಲಬೀ ಗೆದ್ದವಳಂತೆ ನೋಡಲಿಲ್ಲ. ಕನಿಕರದಿಂದ ತಲೆ ಆಡಿಸಿದಳು. “ನಾ ಹೇಳಾಕ ಹತ್ತಿದ್ದು ಅದ ಅಲ್ರಿ ಅಣ್ಣಾರ?”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಎರಡು ವರ್ಷ ಅವನು ಒಳಗೊಳಗೆ ಹೌದು ಎನ್ನುತ್ತಲೇ ಬಂದಿದ್ದ. ಊರಿಗೆಲ್ಲ ಇಲ್ಲವೆಂದು ಹೇಳುತ್ತಾ, ಮನೆಗೆ ಬಂದು ಕೌದಿಯ ಅಂಚು ಸರಿಮಾಡುತ್ತಾ. ಆ ಹೌದು ಮೆತ್ತಗಿತ್ತು, ಅದರ ಮೇಲೆ ತಲೆ ಇಟ್ಟು ಮಲಗಬಹುದಿತ್ತು. ದೃಷ್ಟಿ ಎಂದರೆ ತಪ್ಪು ಬಂದುಹೋದ ಮಂದಿಯದು, ಯಾರದೋ ಕಣ್ಣಿನದು, ಹೆಸರಿಲ್ಲದ್ದು. ಅವನು ಮೊಳೆಯ ಹಲಗೆಯನ್ನು ನೋಡುತ್ತಾ ಕೂತ. ಒಂಬತ್ತನೆಯ ದಿನ ಸಂಜೆ, ಇಲಾಖೆಯ ಇಂಜಿನಿಯರು ಹೆಂಡತಿ ಮಕ್ಕಳೊಡನೆ ಬಂದಿದ್ದರು. ಅವನು ತೊಟ್ಟಿಯ ಪಕ್ಕ ನಿಂತು ಪ್ರತಿಯೊಂದು ಗಿಡದ ಹೆಸರು ಹೇಳುತ್ತಿದ್ದ, ಇಂಜಿನಿಯರು ಮೊದಲ ಸಲ ಅವನ ಮಾತನ್ನು ಕೈಕಟ್ಟಿ ಕೇಳುತ್ತಿದ್ದರು, ಅವರ ಮುಖ ಅರಳುವುದನ್ನು ಅವನು ನೋಡುತ್ತಿದ್ದ. ಹುಲಗಮ್ಮ ಚಹಾ ತಂದಳು. ತಟ್ಟೆ ಇಳಿಸಿ, ನನಗ ಯಾಕೋ ತಲಿ ಒಡ್ಯಾಕ ಹತ್ತೈತ್ರಿ, ಗುಳಿಗಿ ತೀರಿ ನಾಕ ದಿನ ಆತು ಎಂದಳು, ಅವನಿಗೆ ಮಾತ್ರ ಕೇಳಿಸುವಂತೆ. ನಾಳೆ ತರತೀನಿ, ಇನ್ನೆರಡು ಲೋಟ ಚಾ ತಾ, ಹುಡುಗರಿಗೆ ಇಲ್ಲ ಎಂದಿದ್ದ. ಅವಳ ಕಡೆ ತಿರುಗದೆ ಎಂದಿದ್ದ. ಔಷಧದ ಅಂಗಡಿ ಅವರ ಓಣಿಯ ತುದಿಯಲ್ಲಿಯೇ ಇತ್ತು. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ದೇವರ ಕೋಣೆಯಲ್ಲಿಯೂ, ವಿಭೂತಿ ಹಚ್ಚಿಕೊಂಡು ಕೂತಾಗಲೂ, ಈ ಮಾತು ಬರುವ ಮೊದಲೇ ಮಂತ್ರ ಮುಗಿಸಿ ಏಳುತ್ತಿದ್ದ.

“ಅಲ್ಲ ತಂಗಿ,” ಎಂದ. ದನಿ ತನಗೇ ಗಟ್ಟಿ ಕೇಳಿಸಿತು. “ಮಂದಿ ಕಣ್ಣಲ್ಲ. ಅಕೀದು ಬೀಪಿ ಗುಳಿಗಿ ತೀರಿತ್ತು, ನಾಕ ದಿನ ತೀರಿತ್ತು. ನನಗ ಹೇಳಿದಳು. ಮಂದಿ ತೊಟ್ಟಿ ನೋಡತಿದ್ರು, ನಾ ಮಂದೀನ್ನ ನೋಡತಿದ್ದೆ. ಅಕಿನ್ನ ಯಾರೂ ನೋಡಲಿಲ್ಲ. ಇನ್ನೆರಡು ಲೋಟ ಚಾ ತಾ ಅಂದೆ ನಾ.”

ಕೂದಲು ಎಳೆಯುವ ಸದ್ದು ನಿಂತಿತ್ತು. ಲಾಲಬೀ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಸಮಾಧಾನ ಹೇಳಿದ್ದರೆ ಅವನು ಎದ್ದು ಹೋಗುತ್ತಿದ್ದನೇನೋ.

“ನಿನ್ನ ಹೆಸರು ಬ್ಯಾಡ,” ಎಂದ, ಹಾಳೆಯನ್ನು ತನ್ನ ಕಡೆ ಎಳೆದುಕೊಂಡು. “ಕೂಸು ಬರಲಿ. ಹುಡುಗಿ ಗುಳಿಗಿ ಬರೋಬ್ಬರಿ ತಗೊಳ್ಳಿ. ಬರೋ ವರ್ಷ ನಾನ ಬಂದು ಬರಸ್ಕೊಂತೀನಿ, ಆಗ ನೀ ಇಲ್ಲ ಅನ್ನಂಗಿಲ್ಲ. ಪೆನ್ನು ಐತೇನವಾ ಮೆಹಬೂಬಬೀ?”

ಅವಳು ಪೆನ್ನು ಕೊಟ್ಟಳು. ಒಂಬತ್ತು ಎಂದು ಅಂಕಿ ಹಾಕಿ, ಅದರ ಮುಂದೆ ತನ್ನ ಹೆಸರನ್ನು ಬರೆದ, ಪಗಾರ ಇಸಕೊಳ್ಳುವಾಗ ಸಹಿ ಮಾಡುತ್ತಿದ್ದಂತೆ ಪೂರ್ತಿಯಾಗಿ, ಅಪ್ಪನ ಹೆಸರಿನೊಡನೆ.

“ತೊಟ್ಟಿ ಕೆಟ್ಟೈತಿ ಅಂದ್ರಲ್ಲ ಮಾಮಾ, ಸೋಲಾಂಗಿಲ್ಲೇನು?”

“ಸೋಲೋದೇನು, ಕಡೀಗೆ ಬರತೀನಿ. ಅದಕಿಂತ ಕೆಟ್ಟ ತೊಟ್ಟಿ ನಾಕೂ ತಾಲೂಕಿನ್ಯಾಗ ಇರಾಕ ಸಾಧ್ಯ ಇಲ್ಲ.”

ತಾನು ಆಡಿದ ಮಾತನ್ನೇ ಇನ್ನೊಮ್ಮೆ ಕೇಳಿಸಿಕೊಂಡ. ಆಮೇಲೆ ಹಾಳೆ ಮಡಿಚಿ, ಚಪ್ಪಲಿ ಹಾಕಿಕೊಂಡು, ರಸ್ತೆಗೆ ಬಂದು, ಬೇವಿನ ಮರದ ನೆರಳಿಗೆ ನಿಂತು ಹನುಮೇಶನಿಗೆ ಫೋನು ಹಚ್ಚಿದ. ಗಂಟೆ ಮೂರೂ ಮುಕ್ಕಾಲು.

“ಹನುಮೇಶ, ಹೋದ ವರ್ಷ ನಾ ನಕ್ಕದ್ದು ತಪ್ಪಾತಪಾ. ಸಾಹೇಬರ ಮುಂದ ನಕ್ಕು ರೂಢಿ ನನಗ. ಎದಕ್ಕ ನಗಾಕ ಹತ್ತೀನಿ ಅಂತ ನೋಡಲಿಲ್ಲ.”

ಆ ಕಡೆ ತಿರುಗುತ್ತಿದ್ದ ಮೋಟರನ್ನು ಹನುಮೇಶ ಬಂದ್ ಮಾಡಿದ.

“ಆತ್ ಬಿಡ್ರಿ ಕಾಕಾ. ಅದಕ್ಕಂತ ಫೋನ್ ಮಾಡಿದ್ರಾ?”

“ಅದಕ್ಕೂ ಮಾಡೀನಿ. ಇನ್ನೊಂದು ಐತಿ. ಕಡೀ ಜಾಗಾ ನಾ ಹಿಡದೀನಿ. ನೀ ಹೆಸರು ಹಚ್ಚಿದ್ರ ಕಡೀಗೆ ಅಂತೂ ಬರೋದಿಲ್ಲ.”

“ಅಂದ್ರ?”

“ನನ್ನ ತೊಟ್ಟಿ ಹಾಕೀನಿ. ಎರಡು ವರ್ಷ ಆತು ನಾ ಅದರಾಗ ಕೈ ಇಟ್ಟಿಲ್ಲ.”

“ನಂದಕಿಂತ ಕೆಟ್ಟೈತೇನು?”

“ಭಾಳ.”

“ಹೋದ ವರ್ಷದ್ದಕಿಂತ? ನಮ್ಮವ್ವ ತೊಳದಿದ್ಲಲ್ಲ, ಅದಕಿಂತ?”

“ಅದು ಅರಮನಿ ಇದರ ಮುಂದ.”

“ಹುಲಿಗೆಮ್ಮನಾಣಿ?”

ಆ ಹೆಸರನ್ನು ಅವನು ಸುಮ್ಮಸುಮ್ಮನೆ ಬಾಯಿಗೆ ತರುವವನಲ್ಲ. ಮರದ ಕಾಂಡಕ್ಕೆ ಒಂದು ಕೈ ಇಟ್ಟ. “ಹುಲಿಗೆಮ್ಮನಾಣಿ.”

“ತೊಳದು ಗಿಳದು ಛಂದ ಮಾಡಬಾರದು ಮತ್ತ. ಪರೀಕ್ಷಕರು ಬರೋತನಕ ಹಂಗ ಇರಬೇಕು.”

“ಹಂಗ ಇರತೈತಿ.”

“ಹಂಗಾದ್ರ ಬರೀರಿ. ಆದ್ರ ಕಾಕಾ, ಸಾಹೇಬರು ನಿಮ್ಮ ಮನಿಗೆ ಬಂದ ದಿವಸ ನಾನೂ ಬರತೀನಿ.”

“ಯಾಕ?”

“ನಗಾಕ.”

“ಬಾ,” ಎಂದ ಯಮನೂರಪ್ಪ. “ನಿಮ್ಮವ್ವನ್ನೂ ಕರಕೊಂಡು ಬಾ.”

ಸಂಘದ ಕಚೇರಿಯಲ್ಲಿ ಮಹೇಶ್ವರಿ ಮೇಡಂ ಹಾಳೆಯ ಮೇಲಿನಿಂದ ಕೆಳಗೆ ಬೆರಳು ಇಳಿಸುತ್ತಾ ಒಂಬತ್ತಕ್ಕೆ ಬಂದು ನಿಂತರು. “ಇದೇನ್ರಿ, ನಿಮ್ಮದು? ಹೆಸರು ಹಚ್ಚಿದವ್ರು ಪರೀಕ್ಷಕರ ಜೋಡಿ ಜೀಪಿನ್ಯಾಗ ಹೋಗಾಕ ಬರಂಗಿಲ್ಲ. ಗೊತ್ತೈತಲ್ಲ?” ಎಂದರು. ಅದು ಅವನಿಗೆ ಹೊಳೆದಿರಲಿಲ್ಲ. ಮುಂದಿನ ಸೀಟು, ಇಸ್ತ್ರಿಯ ಅಂಗಿ, ಹೋದಲ್ಲೆಲ್ಲ ಜನ ಎದ್ದು ನಿಲ್ಲುವುದು. ಆ ಸೀಟು ಕಣ್ಣ ಮುಂದೆ ಬಂತು, ಸ್ವಲ್ಪ ನೋವೂ ಆಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ. “ಗೊತ್ತೈತ್ರಿ ಮೇಡಂ. ಬ್ಯಾರೆಯವರನ್ನ ಕಳಸ್ರಿ,” ಎಂದ. ಅವರು ಹತ್ತನೆಯ ಹೆಸರಿನ ಕೆಳಗೆ ಗೆರೆ ಎಳೆದು ಸಂಘದ ಠಸ್ಸೆ ಒತ್ತಿದರು. ಅವನು ಆ ಠಸ್ಸೆಯ ಮಸಿ ಆರುವವರೆಗೂ ಅಲ್ಲಿಯೇ ನಿಂತಿದ್ದ.

ಗಂಗಾವತಿಯ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ ಕೂತ. ಮಂತ್ರ ಮುಗಿದ ಮೇಲೂ ಏಳಲಿಲ್ಲ. ಆ ಸಂಜೆಯ ಮಾತನ್ನು, ಗುಳಿಗೆಯ ಮಾತನ್ನು, ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಿದ. ದೇವರಿಗೆ ಹೇಳಿದನೋ ಅವಳಿಗೆ ಹೇಳಿದನೋ ಅವನಿಗೇ ತಿಳಿಯಲಿಲ್ಲ. ದೀಪ ಸುಮ್ಮನೆ ಉರಿಯಿತು. ಎದ್ದು ಬಂದು ಮುಂದಿನ ಕೋಣೆಯ ಬಾಗಿಲನ್ನು ಎರಡೂ ಕದ ತೆಗೆದು ಗೋಡೆಗೆ ಒತ್ತಿ ನಿಲ್ಲಿಸಿ, ಕೌದಿಯನ್ನು ಇಳಿಸಿ, ತೊಟ್ಟಿಯ ಮೇಲಿನ ದೀಪದ ಗುಂಡಿ ಒತ್ತಿದ. ಎರಡು ಮೂರು ಸಲ ಮಿಣುಕಿ ಅದು ಹತ್ತಿತು. ಗಾಜು ಎಂಬುದೇ ಕಾಣಲಿಲ್ಲ. ದಪ್ಪನೆಯ ಹಸಿರು, ಮೇಲೆ ನಾರು ನಾರಾಗಿ ಜೋತಾಡುವ ಹಾವಸೆ, ಒಂದು ಮೂಲೆಯಲ್ಲಿ ಕರಿಯ ಕಲೆ. ಅವನು ನೆನೆದದ್ದಕ್ಕಿಂತ ಕೆಟ್ಟದಾಗಿತ್ತು. ಕೈ ತಾನಾಗಿ ಗೂಡಿನಲ್ಲಿದ್ದ ಬ್ಲೇಡಿಗೆ ಹೋಯಿತು. ಮುಂದಿನ ಗಾಜನ್ನಾದರೂ ಒಂದು ಗೇಣು ಕೆರೆದರೆ, ಇಷ್ಟೊಂದು ಅಸಹ್ಯ ಕಾಣಲಿಕ್ಕಿಲ್ಲ. ಆಣೆ ನೆನಪಾಯಿತು. ಬ್ಲೇಡನ್ನು ಗೂಡಿನಲ್ಲಿಯೇ ಬಿಟ್ಟ.

ಎದುರು ಮನೆಯ ಮಾರೆವ್ವ ಬೆಳಕು ಕಂಡು ಬಾಗಿಲಿಗೆ ಬಂದಳು. ಎರಡು ವರ್ಷದ ಹಿಂದೆ ದಿನಕ್ಕೆರಡು ಸಲ ಬಂದು ನೋಡಿದವಳು, ಆಮೇಲೆ ಈ ಹೊಸ್ತಿಲು ತುಳಿಯಲು ಅಂಜಿದವಳು.

“ಯಣ್ಣಾ, ಇದೇನ್ರಿ ಇದು? ಊರಮುಂದಿನ ಹೊಂಡ ಆಗೈತಲ್ಲ!”

“ಸ್ಪರ್ಧಾಕ್ಕ ಹಾಕೀನಿ.”

“ಇದನ್ನ?”

“ಇದನ್ನ.”

ಅವಳು ಬಾಯಿಗೆ ಸೆರಗು ಹಿಡಿದಳು, ತಡೆಯಲು ನೋಡಿದಳು, ಆಗಲಿಲ್ಲ. ಜೋರಾಗಿ ನಕ್ಕಳು. ಆ ನಗು ಅವನ ಕಿವಿಯಿಂದ ಹೊಟ್ಟೆಯವರೆಗೆ ಇಳಿಯಿತು. ಹನುಮೇಶನಿಗೆ ಹೀಗೇ ಇಳಿದಿರಬೇಕು. ಅವನು ಮುಖ ತಿರುಗಿಸಲಿಲ್ಲ. ನಗು ಕೇಳಿ ಅವಳ ಸೊಸೆ ಬಂದಳು, ಅವಳ ಹಿಂದೆ ಇನ್ನಿಬ್ಬರು.

“ಇದಕ್ಕ ಬಹುಮಾನ ಬರತೈತೇನ್ರಿ?” ಎಂದಳು ಮಾರೆವ್ವ, ಕಣ್ಣು ಒರೆಸಿಕೊಳ್ಳುತ್ತಾ.

“ಕಡೀದು ಬರತೈತಿ.”

“ಕಡೀಗೆ ಬಂದವ್ರಿಗೆ ಏನ್ ಕೊಡತಾರ್ರಿ?”

“ಏನೂ ಕೊಡೋದಿಲ್ಲ,” ಎಂದ ಯಮನೂರಪ್ಪ. “ಹತ್ತನೇದಂತ ಒಂದು ಇರಬೇಕಾಗಿತ್ತು, ಅಷ್ಟ. ಒಳಗ ಬರ್ರಿ, ಸಮೀಪ ಬಂದು ನೋಡ್ರಿ.”